‘ಬರಾಜ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು: ಜಗಲಿಯೇ, ಕಟ್ಟೆಯೇ?

ಪ್ರಶ್ನೆ

ಮಾನ್ಯರೆ,

ಕೆನ್ಯಾದ ಕರಾವಳಿಯ ಲಾಮು ಪಟ್ಟಣದ ಹಳೆಯ ಕಟ್ಟಡಗಳ ಛಾಯಾಚಿತ್ರ ಪ್ರದರ್ಶನವೊಂದಕ್ಕೆ ಕನ್ನಡದ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅವು ಅಚ್ಚಿಗೆ ಹೋಗಬೇಕು. 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಊರಿನ ಮನೆಗಳನ್ನು ಹವಳದ ಕಲ್ಲು, ಸುಣ್ಣದ ಗಾರೆ, ಕಾಂಡ್ಲಾ ಮರದ ತೊಲೆಗಳಿಂದ ಕಟ್ಟಿದ್ದಾರೆ. ಇವುಗಳಿಗೆ ಪದ ಹುಡುಕುವ ಕಷ್ಟವಿರಲಿಲ್ಲ. ಒಳಕೋಣೆಯ ಗೋಡೆಯಲ್ಲಿ ಸಾಲುಸಾಲಾಗಿರುವ ‘ಜಿದಾಕ’ಗಳನ್ನು ಗೋಡೆಗೂಡು ಎಂದು ಬರೆದು ಮುಗಿಸಿದೆ. ತೊಡಕಾಗಿರುವುದು ‘ಬರಾಜ’. ಬಾಗಿಲ ಇಕ್ಕೆಲದಲ್ಲಿ ಗೋಡೆಗೆ ಸೇರಿಸಿಯೇ ಕಟ್ಟಿದ, ಕೂರಲು ಸಾಕಾಗುವಷ್ಟೇ ಅಗಲದ ಕಲ್ಲಿನ ಆಸನಕ್ಕೆ ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ ಈ ಹೆಸರು. ಸಭೆ, ಮಂಡಳಿ ಎಂಬ ಅರ್ಥವೂ ಅದೇ ಪದಕ್ಕಿದೆ. ಮಂತ್ರಿಮಂಡಲವನ್ನೂ ಅವರು ‘ಬರಾಜ ಲಾ ಮವಜೀರಿ’ ಎನ್ನುತ್ತಾರೆ. ನನ್ನ ಫಲಕದ ಒಂದೇ ವಾಕ್ಯದಲ್ಲಿ ಎರಡು ಅರ್ಥಗಳೂ ಬರುತ್ತವೆ. ಎರಡನ್ನೂ ಹೊರಬಲ್ಲ ಕನ್ನಡ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ

ಜಗಲಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

‘ಬರಾಜ’ವನ್ನು ಹೊರಬರು ಎಂಬರ್ಥದ ಅರಬ್ಬೀ ಧಾತುವಿಗೆ ಜೋಡಿಸುವವರಿದ್ದಾರೆ, ಮನೆಯಿಂದ ಹೊರಚಾಚಿದ ಭಾಗ ಎಂಬ ಈ ಅರ್ಥಕ್ಕೆ ಜಗಲಿಗಿಂತ ಹತ್ತಿರದ ಪದ ನಮ್ಮಲ್ಲಿಲ್ಲ. ಅಚ್ಚಗನ್ನಡದ ಪದ ಮನೆ ಮುಂದೆಯೇ ಇರುವಾಗ ಆವರಣದೊಳಗೆ ‘ಬರಾಜ’ ಎಂದು ಬರೆದು ಓದುಗರ ನಾಲಿಗೆಗೆ ಹೊರೆ ಹೊರಿಸಬೇಡಿ. ಸಭೆಯ ಅರ್ಥ ಬಂದಲ್ಲಿ ಕೂಟ ಎಂದು ಬರೆದರಾಯಿತು.

ಇನ್ನೊಂದು ಉತ್ತರ

ಅಚ್ಚಗನ್ನಡ ಎಂದು ಮೇಲಿನವರು ಇಷ್ಟು ಧೈರ್ಯದಿಂದ ಹೇಳಿದ್ದನ್ನು ಕಂಡು ಬೆರಗಾದೆ. ದೇವಾಲಯದ ಪೀಠಕ್ಕೆ ಬಳಸುವ ‘ಜಗತಿ’ಯಿಂದಲೇ ಜಗಲಿ ಬಂದಿತೆಂಬ ವಾದ ಅವರ ಕಿವಿಗೆ ಬಿದ್ದಂತಿಲ್ಲ. ಅದಿರಲಿ. ಮಲೆನಾಡಿನ ಜಗಲಿಗೆ ಮಾಡು ಇದೆ, ಕಂಬವಿದೆ, ನಾಲ್ಕು ಜನ ನೆಂಟರು ಮಲಗುವಷ್ಟು ಜಾಗವಿದೆ. ಅದೇ ಕರಾವಳಿಯ ಜಂಜಿಬಾರ್ ದ್ವೀಪದ ಹಳೆಯ ಪಟ್ಟಣ ಸ್ಟೋನ್ ಟೌನಿನಲ್ಲಿ ಬರಾಜಗಳು ಓಣಿಯ ಉದ್ದಕ್ಕೂ ಗೋಡೆಗಂಟಿ ಸಾಗುತ್ತವೆ. ಜೋರು ಮಳೆಯಲ್ಲಿ ಓಣಿ ಹಳ್ಳವಾದಾಗ ಜನ ಅದರ ಮೇಲೆಯೇ ನಡೆದುಹೋಗುತ್ತಾರೆ. ನಮ್ಮ ಜಗಲಿಯ ಮೇಲೆ ದಾರಿಹೋಕರು ಹಾಗೆ ನಡೆದಾರೇ? ‘ಕಟ್ಟೆ’ ಎನ್ನಿ. ಕಟ್ಟೆ ಪಂಚಾಯಿತಿ ಎಂಬ ಮಾತು ಬಳಕೆಯಲ್ಲಿರುವುದರಿಂದ ಸಭೆಯ ಅರ್ಥವೂ ಅದರಲ್ಲಿ ತಾನಾಗಿ ಸೇರುತ್ತದೆ.

ಎರವಲು ಪದದ ವಿಷಯದಲ್ಲಿ ಇಷ್ಟು ಮಡಿ ಏಕೆ? ಪೋರ್ಚುಗೀಸರ ‘ಪೀಪ’ ಇಲ್ಲಿ ಪೀಪಾಯಿಯಾಯಿತು, ಸ್ವಾಹಿಲಿಯಲ್ಲಿ ‘ಪೀಪ’ವಾಗಿಯೇ ಉಳಿಯಿತು. ನಮ್ಮ ಪಹಣಿಯ ಹಿಸ್ಸೆಯೂ ಅವರ ಕಂಪನಿ ಷೇರಿನ ‘ಹೀಸ’ವೂ ಒಂದೇ ಅರಬ್ಬೀ ಪದ. ಒಂದೇ ಕಡಲಿನ ಎರಡು ದಡದಲ್ಲಿ ಕುಳಿತವರು ಪದಗಳಿಗೆ ಸುಂಕದ ಕಟ್ಟೆ ಹಾಕುವುದು ಹಾಸ್ಯಾಸ್ಪದ.

ಮೊದಲ ಉತ್ತರದವರಿಂದ

ಜಗತಿಯ ತಕಾರ ಲಕಾರವಾದದ್ದಕ್ಕೆ ಇನ್ನೆರಡು ನಿದರ್ಶನ ಕೊಡಿ, ಆಮೇಲೆ ಮಾತನಾಡೋಣ. ಪೀಪಾಯಿ ಎಂಬ ವಸ್ತುವಿನ ಜೊತೆಗೇ ಅದರ ಹೆಸರೂ ಬಂತು, ತೆಗೆದುಕೊಂಡೆವು. ಕೂರುವ ಜಾಗವನ್ನು ನಾವೇನು ಹಡಗಿನಿಂದ ಇಳಿಸಿಕೊಂಡೆವೇ? ಇನ್ನು ಕಟ್ಟೆ ಇರುವುದು ಮರದ ಬುಡಕ್ಕೆ, ಬಾವಿಗೆ, ಕೆರೆಗೆ. ಕಟ್ಟೆ ಎಂದರೆ ಓದುಗರು ಚಿತ್ರದಲ್ಲಿ ಅರಳಿಮರವನ್ನು ಹುಡುಕುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಜಗಳದ ನಡುವೆಯೇ ಪದ ಸಿಕ್ಕಿತು: ‘ಜಗಲಿಕಟ್ಟೆ’. ಅದು ಮನೆಯನ್ನೂ ಬಿಡುವುದಿಲ್ಲ, ಊರಿನ ಮಾತುಕತೆಯನ್ನೂ ಬಿಡುವುದಿಲ್ಲ. ಮಾಡು ಇರಲೇಬೇಕೆಂಬ ಹಟವೂ ಅದಕ್ಕಿಲ್ಲ. ಆದರೂ ಮೊದಲ ಸಲ ಬರುವಲ್ಲಿ ‘ಬರಾಜ’ವನ್ನು ಉಳಿಸಿಕೊಳ್ಳುತ್ತೇನೆ, ಏಕೆಂದರೆ ಪ್ರದರ್ಶನ ನೋಡಿದವರು ಮುಂದೆ ಲಾಮುವಿಗೆ ಹೋದರೆ ಅಲ್ಲಿ ಕೇಳಿಸುವುದು ಆ ಪದವೇ. ಫಲಕದ ವಾಕ್ಯ ಈಗ ಹೀಗಿದೆ: “ಬಾಗಿಲ ಇಕ್ಕೆಲದ ಬರಾಜ ಎಂಬ ಕಲ್ಲಿನ ಜಗಲಿಕಟ್ಟೆಯಲ್ಲಿ ಹಿರಿಯರು ಸಂಜೆ ಬಾವೊ ಆಡುತ್ತಾರೆ, ಊರಿನ ಸಭೆಗೂ ಇದೇ ಹೆಸರು.”

ಬಾವೊವನ್ನು ಚೆನ್ನೆಮಣೆ ಎಂದು ಕರೆಯಲು ಕೈ ತುರಿಸಿತ್ತು. ಆದರೆ ಚೆನ್ನೆಮಣೆಗೆ 14 ಗುಳಿ, ಬಾವೊ ಹಲಗೆಗೆ 32 ಗುಳಿ, 64 ಕಾಳು. ಫಲಕದ ಚಿತ್ರದಲ್ಲಿ ಗುಳಿಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಹಲಗೆ ಕಾಣುತ್ತಿದೆ. ಆದ್ದರಿಂದ ‘ಚೆನ್ನೆಮಣೆಯ ಬಳಗದ ಆಟ’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದ್ದೇನೆ. ಇದಕ್ಕೆ ಆಕ್ಷೇಪವಿದ್ದರೆ ನಾಳೆ ಮಧ್ಯಾಹ್ನದೊಳಗೆ ಬರೆಯಿರಿ.