ಕಬ್ಬಿನ ಸಿಪ್ಪೆಯಿಂದ ತಯಾರಿಸಿದ ಸಿಎಂಸಿ ನೀರಿನಲ್ಲಿ ಏಕೆ ಕರಗುತ್ತಿಲ್ಲ?

ಪ್ರಶ್ನೆ: ಮಾನ್ಯರೇ, ಕಬ್ಬಿನ ಸಿಪ್ಪೆಯನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬಿಳುಪುಗೊಳಿಸಿ, ಕ್ಷಾರ ಮತ್ತು ಮೊನೊಕ್ಲೋರೋಅಸಿಟಿಕ್ ಆಮ್ಲ ಬೆರೆಸಿ ನೀರಿನಲ್ಲಿ ಕರಗಿ ಅಂಟಾಗಬೇಕಾದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ (ಸಿಎಂಸಿ) ತಯಾರಿಸಿದೆ. ಲೋಟದ ನೀರಿಗೆ ಹಾಕಿದರೆ ಅದು ಅಂಟಾಗದೆ ತಳದಲ್ಲಿ ನಾರುನಾರಾಗಿಯೇ ಉಳಿಯುತ್ತದೆ. ತಪ್ಪೆಲ್ಲಿದೆ?

ಉತ್ತರ 1: ಸಿಪ್ಪೆಯಲ್ಲಿ ಸೆಲ್ಯುಲೋಸ್ ಇರುವುದು ಸುಮಾರು ಶೇ. 40ರಿಂದ 45 ಮಾತ್ರ. ಉಳಿದುಕೊಂಡ ಹೆಮಿಸೆಲ್ಯುಲೋಸ್ (ನಾರಿನಲ್ಲಿ ಸೆಲ್ಯುಲೋಸಿನ ಜೊತೆಗಿರುವ ಇನ್ನೊಂದು ಬಗೆಯ ಸಕ್ಕರೆ ಸರಪಳಿ) ನಿಮ್ಮ ಮೊನೊಕ್ಲೋರೋಅಸಿಟಿಕ್ ಆಮ್ಲವನ್ನು ಕಬಳಿಸುತ್ತದೆ. ಮೊದಲೇ ಮೃದುವಾದ ತಿರುಳನ್ನು ಜರಡಿ ಹಿಡಿದು ತೆಗೆದು, ಹೆಮಿಸೆಲ್ಯುಲೋಸ್ ಬಿಟ್ಟುಹೋಗುವಂತೆ ನಾರನ್ನು ಬೇರೊಂದು ತೆಳು ಆಮ್ಲದಲ್ಲಿ ಕುದಿಸಿ.

ಉತ್ತರ 2: ಮಾಧ್ಯಮ ಯಾವುದು, ಅಂದರೆ ಯಾವ ದ್ರವದಲ್ಲಿ ಕ್ರಿಯೆ ನಡೆಸಿದಿರಿ? ಬರೀ ನೀರಿನಲ್ಲಾದರೆ ಮೊನೊಕ್ಲೋರೋಅಸಿಟಿಕ್ ಆಮ್ಲದ ಬಹುಪಾಲು ಕ್ಷಾರದೊಡನೆ ಸೇರಿ ಸೋಡಿಯಂ ಗ್ಲೈಕೊಲೇಟ್ ಎಂಬ ಉಪಉತ್ಪನ್ನವಾಗಿ ವ್ಯರ್ಥವಾಗುತ್ತದೆ; ನಾರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕದಡಿ, ಕ್ಷಾರದಲ್ಲಿ ಚೆನ್ನಾಗಿ ಉಬ್ಬಲು ಬಿಟ್ಟು, ಆಮೇಲಷ್ಟೇ ಆಮ್ಲ ಸೇರಿಸಬೇಕು. ಆದೇಶನದ ಪ್ರಮಾಣ (ಸೆಲ್ಯುಲೋಸಿನ ಪ್ರತಿ ಗ್ಲೂಕೋಸ್ ಘಟಕಕ್ಕೆ ಸರಾಸರಿ ಸೇರಿದ ಕಾರ್ಬಾಕ್ಸಿಮೀಥೈಲ್ ಗುಂಪುಗಳ ಸಂಖ್ಯೆ) ಸುಮಾರು 0.4 ದಾಟದೆ ಸಿಎಂಸಿ ಕರಗುವುದಿಲ್ಲ. ಮೊನೊಕ್ಲೋರೋಅಸಿಟಿಕ್ ಆಮ್ಲ ಚರ್ಮದ ಮೂಲಕವೇ ಪ್ರಾಣಕ್ಕೆ ಎರವಾಗಬಲ್ಲದು. ದಯವಿಟ್ಟು ಕೈಗವಸು ಧರಿಸಿ.

ಪ್ರಶ್ನಿಸಿದವರು: ಬಳಸಿದ್ದು ಬರೀ ನೀರನ್ನೇ. ಆಲ್ಕೋಹಾಲಿನಲ್ಲಿ ಪುನಃ ಮಾಡಿ ತಿಳಿಸುತ್ತೇನೆ.