ಲಂಡನ್‌ನಲ್ಲಿ ಇಳಿದು ಎಡಿನ್‌ಬರಾಗೆ: ನಮಗೆ ಯಾವ ಕಡೆಯ ಕೋವಿಡ್ ಟೆಸ್ಟ್ ನಿಯಮ?

ಶಿವಮೊಗ್ಗದಿಂದ ಒಬ್ಬ ತಾಯಿ, ಸೆಪ್ಟೆಂಬರ್ 3, 2021

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಡಿನ್‌ಬರಾದಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿದೆ. ಇದೇ ತಿಂಗಳು ಹೊರಡಬೇಕು. ಬೆಂಗಳೂರಿನಿಂದ ಹೀಥ್ರೋಗೆ ನೇರ ವಿಮಾನ. ನನ್ನ ತಮ್ಮ ರೆಡಿಂಗ್‌ನಲ್ಲಿದ್ದಾನೆ. 'ನಮ್ಮ ಮನೆಗೇ ಬರಲಿ ಅಕ್ಕ, ಐದನೇ ದಿನ ಟೆಸ್ಟ್ ಮಾಡಿಸಿದರೆ ಬಿಟ್ಟುಬಿಡುತ್ತಾರೆ, ಆಮೇಲೆ ನಾನೇ ರೈಲು ಹತ್ತಿಸುತ್ತೇನೆ' ಅನ್ನುತ್ತಾನೆ. ಎಡಿನ್‌ಬರಾದಲ್ಲಿ ಓದುತ್ತಿರುವ ಅವಳ ಸೀನಿಯರ್ 'ಇಲ್ಲಿ ಐದನೇ ದಿನದ ಕಥೆಯೇ ಇಲ್ಲ ಆಂಟಿ, ಹತ್ತು ದಿನ ರೂಮಿನ ಒಳಗೇ' ಅನ್ನುತ್ತಾಳೆ. ಇಬ್ಬರೂ ಸರ್ಕಾರದ ಪುಟವನ್ನೇ ತೋರಿಸುತ್ತಾರೆ. ಮಗಳಿಗೆ ಎರಡು ಡೋಸ್ ಕೋವಿಶೀಲ್ಡ್ ಆಗಿದೆ. ಒಂದೇ ದೇಶ ಅಲ್ವಾ, ನಿಯಮ ಎರಡು ಹೇಗೆ? ಟೆಸ್ಟ್ ಕಿಟ್ ಯಾವ ವಿಳಾಸಕ್ಕೆ ತರಿಸಬೇಕು ಅನ್ನುವುದೂ ಗೊತ್ತಾಗುತ್ತಿಲ್ಲ. ಈಚೆಗೆ ಹೋದವರು ಇದ್ದರೆ ದಯವಿಟ್ಟು ಹೇಳಿ.

ಎಡಿನ್‌ಬರಾದ ಲೀತ್‌ನಿಂದ

ಮೇಡಂ, ಇಬ್ಬರು ಹೇಳಿದ್ದೂ ಸರಿ. ನಿಮ್ಮ ತಮ್ಮ ಹೇಳುತ್ತಿರುವುದು ಇಂಗ್ಲೆಂಡ್‌ನ ನಿಯಮ, ಆ ಹುಡುಗಿ ಹೇಳುತ್ತಿರುವುದು ಸ್ಕಾಟ್ಲೆಂಡ್‌ನದು.

ವೀಸಾ, ಪಾಸ್‌ಪೋರ್ಟ್ ಎಲ್ಲ ಲಂಡನ್ ಸರ್ಕಾರದ ಕೈಯಲ್ಲಿದೆ. ಆದರೆ ಜನರ ಆರೋಗ್ಯ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಸರ್ಕಾರಗಳ ಕೈಯಲ್ಲಿದೆ. ಕ್ವಾರಂಟೈನ್, ಟೆಸ್ಟ್ ಇವೆಲ್ಲ ಆರೋಗ್ಯದ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕೂತು ಬಂದವರಿಗೂ ಇಳಿದ ಮೇಲೆ ನಿಯಮ ಬೇರೆ ಆಗಬಹುದು.

ಕೋವಿಡ್ ಅಪಾಯ ನೋಡಿ ಇಲ್ಲಿ ದೇಶಗಳನ್ನು ರೆಡ್, ಆಂಬರ್, ಗ್ರೀನ್ ಅಂತ ವಿಂಗಡಿಸುತ್ತಾರೆ. ಭಾರತವನ್ನು ಆಗಸ್ಟ್ 8ಕ್ಕೆ ರೆಡ್ ಲಿಸ್ಟ್‌ನಿಂದ ಆಂಬರ್‌ಗೆ ಹಾಕಿದ್ದಾರೆ. ಹಾಗಾಗಿ ಹೋಟೆಲ್ ಕ್ವಾರಂಟೈನ್ ಇಲ್ಲ, ಅದೇ ದೊಡ್ಡ ಸಮಾಧಾನ. ಆದರೆ ಭಾರತದಲ್ಲಿ ಹಾಕಿಸಿಕೊಂಡ ಲಸಿಕೆಯನ್ನು ಈಗಿನ ಮಟ್ಟಿಗೆ ಒಪ್ಪುತ್ತಿಲ್ಲ. ಮಗಳು ಲಸಿಕೆ ಇಲ್ಲದವಳ ಲೆಕ್ಕ. ಹೊರಡುವ ಮುಂಚಿನ 3 ದಿನದೊಳಗೆ ಟೆಸ್ಟ್, ಬಂದ ಮೇಲೆ 2ನೇ ಮತ್ತು 8ನೇ ದಿನ ಪಿಸಿಆರ್, 10 ದಿನ ಮನೆಯಲ್ಲೇ ಕ್ವಾರಂಟೈನ್. ಇಷ್ಟು ಎಲ್ಲ ಕಡೆಯೂ ಒಂದೇ.

ಬೇರೆ ಆಗುವುದು ಐದನೇ ದಿನದ ವಿಷಯದಲ್ಲಿ. 'ಟೆಸ್ಟ್ ಟು ರಿಲೀಸ್' ಅನ್ನುವ ಆ ಯೋಜನೆ ಇಂಗ್ಲೆಂಡ್‌ನಲ್ಲಿ ಮಾತ್ರ ಇದೆ. ನಿಮ್ಮ ಪ್ಲಾನ್‌ನಲ್ಲಿ ಸಿಕ್ಕಿಕೊಳ್ಳುವ ಜಾಗ ಇದೇ. ಮಗಳು ರೆಡಿಂಗ್‌ನಲ್ಲಿ ಐದನೇ ದಿನ ನೆಗೆಟಿವ್ ಬಂದು, ಏಳನೇ ದಿನ ಎಡಿನ್‌ಬರಾ ರೈಲು ಹತ್ತಿದರೆ, ಇಲ್ಲಿ ಆ ಬಿಡುಗಡೆ ನಡೆಯುವುದಿಲ್ಲ. ಹತ್ತು ದಿನ ತುಂಬುವವರೆಗೆ ಮತ್ತೆ ರೂಮಿನಲ್ಲಿ ಕೂರಬೇಕು. ಆದ್ದರಿಂದ ಎರಡೇ ದಾರಿ. ಹತ್ತೂ ದಿನ ಮಾವನ ಮನೆಯಲ್ಲಿ ಕಳೆದು ಆಮೇಲೆ ಬರುವುದು, ಇಲ್ಲ ಹೀಥ್ರೋದಿಂದ ನೇರ ಇಲ್ಲಿಗೇ ಬರುವುದು. ಮೊದಲು ಆ ಹತ್ತು ದಿನ ಮಲಗುವ ಮನೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ. ಕಿಟ್ ಬುಕಿಂಗ್ ಆಮೇಲೆ.

ನಾನು ಆಗಸ್ಟ್‌ನಲ್ಲಿ ಅಪ್ಪನನ್ನು ನೋಡಿಕೊಂಡು ವಾಪಸ್ ಬಂದೆ. ಹೀಥ್ರೋದಿಂದ ರೈಲಿನಲ್ಲಿ ಬರಲು ಅವಕಾಶ ಇದೆ, ಮಾಸ್ಕ್ ತೆಗೆಯಬಾರದು, ನಡುವೆ ಎಲ್ಲೂ ತಂಗಬಾರದು. ಕಿಂಗ್ಸ್ ಕ್ರಾಸ್‌ನಲ್ಲಿ ಹತ್ತಿದಾಗ ಬೋಗಿಯಲ್ಲಿ ಅರ್ಧ ಜನರ ಮುಖದ ಮೇಲೆ ಮಾಸ್ಕ್ ಇರಲಿಲ್ಲ. ಇಂಗ್ಲೆಂಡ್‌ನಲ್ಲಿ ಜುಲೈ 19ಕ್ಕೇ ಆ ಕಾನೂನು ತೆಗೆದರಲ್ಲ. ಬೆರಿಕ್ ಸ್ಟೇಷನ್ ದಾಟಿದ ಮೇಲೆ ಎದುರು ಸೀಟಿನ ಅಜ್ಜ ಜೇಬಿನಿಂದ ಮಡಿಚಿದ ಮಾಸ್ಕ್ ತೆಗೆದು, ಕನ್ನಡಕ ಸರಿಮಾಡಿಕೊಂಡು, ಹಾಕಿಕೊಂಡರು. ಕಿಟಕಿಯ ಆಚೆ ಅದೇ ಸಮುದ್ರ, ಅದೇ ಹೊಲ. ಕಾನೂನು ಮಾತ್ರ ಬೇರೆ.

ಸ್ಲೌನಿಂದ

ನಾನು ಮಂಗಳೂರಿನವನು. ತಲಪಾಡಿ ಚೆಕ್‌ಪೋಸ್ಟ್‌ನಲ್ಲಿ ಕಾಸರಗೋಡಿನವರನ್ನು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ರಿಪೋರ್ಟ್ ಎಲ್ಲಿ ಅಂತ ನಿಲ್ಲಿಸುವುದನ್ನು ಕಂಡವರಿಗೆ ಇದು ಹೊಸದೇನಲ್ಲ. ಒಂದು ವ್ಯತ್ಯಾಸ ಏನಂದರೆ ಇಲ್ಲಿ ಗಡಿಯಲ್ಲಿ ಯಾರೂ ನಿಂತಿರುವುದಿಲ್ಲ. ಬರುವ ಮುಂಚೆ ತುಂಬುವ ಲೊಕೇಟರ್ ಫಾರ್ಮ್‌ನಲ್ಲಿ ಬರೆದುಕೊಟ್ಟ ನಂಬರಿಗೆ ಫೋನ್ ಬರುತ್ತದೆ, ಕೆಲವು ಸಲ ಬಾಗಿಲಿಗೇ ಬರುತ್ತಾರೆ.

ಮೇಡಂ, ಇಂಗ್ಲೆಂಡ್ ಆಯ್ದುಕೊಂಡರೆ ಖಾಸಗಿ ಟೆಸ್ಟ್ ಕಂಪನಿಗಳ ವಿಷಯದಲ್ಲಿ ಹುಷಾರು. ಸರ್ಕಾರದ ಪಟ್ಟಿಯಲ್ಲಿ ಇಪ್ಪತ್ತು ಪೌಂಡ್ ಚಿಲ್ಲರೆ ಅಂತ ಹಾಕಿರುತ್ತಾರೆ. ಕ್ಲಿಕ್ ಮಾಡಿದರೆ ಆ ಬೆಲೆಯ ಟೆಸ್ಟ್ 'ಖಾಲಿ', ಮುಂದಿನದು ಅದರ ಮೂರು ಪಟ್ಟು. ಹೋದ ತಿಂಗಳು ಆರೋಗ್ಯ ಮಂತ್ರಿ ಸಾಜಿದ್ ಜಾವಿದ್ ಇಂಥ 82 ಕಂಪನಿಗಳಿಗೆ ಎಚ್ಚರಿಕೆ ಕೊಟ್ಟರು. ನಮ್ಮ ಅತ್ತೆಗೆ ಬುಕ್ ಮಾಡಿದ್ದ ಒಂದು ಕಂಪನಿಯ 2ನೇ ದಿನದ ಕಿಟ್ ಬಂದದ್ದು ಕ್ವಾರಂಟೈನ್ ಮುಗಿಯುವ ಹೊತ್ತಿಗೆ. ಫೋನ್ ಎತ್ತುವವರು ಇಲ್ಲ, ಇಮೇಲ್‌ಗೆ ಉತ್ತರ ಇಲ್ಲ. ಅಂದಿನಿಂದ ನಾನು ಕೇಳಿದವರಿಗೆಲ್ಲ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕಿಟ್ಟೇ ತಗೊಳ್ಳಿ ಅನ್ನುತ್ತೇನೆ. ಎರಡರ ಸೆಟ್ 170 ಪೌಂಡ್ ಇದ್ದದ್ದು ಆಗಸ್ಟ್ ಮಧ್ಯದಲ್ಲಿ 136ಕ್ಕೆ ಇಳಿದಿದೆ. ಇನ್ನೊಂದು ಮಾತು: ಐದನೇ ದಿನದ ಟೆಸ್ಟ್‌ಗೆ ಬೇರೆ ದುಡ್ಡು. ಅದು ನೆಗೆಟಿವ್ ಬಂದರೂ 8ನೇ ದಿನದ ಟೆಸ್ಟ್ ಬಿಡುವ ಹಾಗಿಲ್ಲ.

ಕಾರ್ಡಿಫ್‌ನಿಂದ

ವೇಲ್ಸ್‌ಗೆ ಬರುವವರೂ ಇದನ್ನು ಓದುತ್ತಿರಬಹುದು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮಲ್ಲಿ ಖಾಸಗಿ ಕಂಪನಿಯ ಕಿಟ್ ನಡೆಯುವುದಿಲ್ಲ, ಎನ್‌ಎಚ್‌ಎಸ್ ಮಾತ್ರ. ನನ್ನ ಪರಿಚಯದ ಹುಡುಗನೊಬ್ಬ ಲಂಡನ್ ಗೆಳೆಯನ ಮಾತು ಕೇಳಿ ಅಗ್ಗದ ಕಿಟ್ ಬುಕ್ ಮಾಡಿದ್ದ. ಕಾರ್ಡಿಫ್ ವಿಳಾಸಕ್ಕೆ ಅದು ಲೆಕ್ಕಕ್ಕೆ ಬರಲಿಲ್ಲ, ಮತ್ತೆ ದುಡ್ಡು ಕಟ್ಟಿದ. 'ಟೆಸ್ಟ್ ಟು ರಿಲೀಸ್' ಇಲ್ಲೂ ಇಲ್ಲ.

ನಮ್ಮ ಸರ್ಕಾರದ್ದು ಒಂಥರಾ ಇಕ್ಕಟ್ಟು. ವೇಲ್ಸ್‌ಗೆ ಬರುವ ಹೆಚ್ಚಿನವರು ಇಳಿಯುವುದೇ ಇಂಗ್ಲೆಂಡ್‌ನ ವಿಮಾನ ನಿಲ್ದಾಣಗಳಲ್ಲಿ. ಹಾಗಾಗಿ ಲಂಡನ್ ನಿಯಮ ಸಡಿಲಿಸಿದಾಗಲೆಲ್ಲ 'ನಮಗೆ ಇಷ್ಟ ಇಲ್ಲ, ಆದರೂ ಬೇರೆ ನಿಯಮ ಇಟ್ಟು ಜಾರಿ ಮಾಡುವುದು ಕಷ್ಟ' ಅಂತ ಒಂದು ಹೇಳಿಕೆ ಕೊಟ್ಟು ಹಿಂದೆಯೇ ಹೋಗುತ್ತಾರೆ. ಆ ನಡುವಿನ ಕೆಲವು ದಿನಗಳಲ್ಲಿ ಪ್ರಯಾಣ ಮಾಡುವವರಿಗೇ ತಲೆಬಿಸಿ.

ಗ್ಲಾಸ್ಗೋದಿಂದ

ಈಗಿನದು ವಾಸಿ ಅಕ್ಕ. ಈ ವರ್ಷದ ಫೆಬ್ರವರಿ 15ರಿಂದ ಮೇ 17ರವರೆಗೆ ಇದ್ದ ನಿಯಮ ಕೇಳಿದರೆ ನಗುತ್ತೀರಿ. ಇಂಗ್ಲೆಂಡ್‌ನಲ್ಲಿ ರೆಡ್ ಲಿಸ್ಟ್ ದೇಶದವರಿಗೆ ಮಾತ್ರ ಹೋಟೆಲ್. ಸ್ಕಾಟ್ಲೆಂಡ್‌ನಲ್ಲಿ ಹೊರದೇಶದಿಂದ ನೇರ ಇಲ್ಲಿಗೆ ಬಂದಿಳಿಯುವ ಹೆಚ್ಚುಕಡಿಮೆ ಎಲ್ಲರಿಗೂ ಹೋಟೆಲ್, ತಲೆಗೆ 1,750 ಪೌಂಡ್. ಭಾರತ ಆಗಿನ್ನೂ ರೆಡ್ ಲಿಸ್ಟ್ ಸೇರಿರಲಿಲ್ಲ, ಸೇರಿದ್ದು ಏಪ್ರಿಲ್ 23ಕ್ಕೆ. ನಾನು ಮಾರ್ಚ್‌ನಲ್ಲಿ ಯುರೋಪ್ ಮೂಲಕ ನೇರ ಎಡಿನ್‌ಬರಾಗೆ ಬಂದೆ. ಬ್ಯಾಗ್ ತಗೊಂಡ ಕೂಡಲೇ ಬಸ್ಸು, ಬಸ್ಸಿನಿಂದ ಹೋಟೆಲ್. ಕಿಟಕಿ ತೆರೆದರೆ ಕಾರ್ ಪಾರ್ಕಿಂಗ್. ಊಟ ಕಂದು ಕಾಗದದ ಚೀಲದಲ್ಲಿ ಬಾಗಿಲ ಮುಂದೆ. 'ವೆಜಿಟೇರಿಯನ್' ಅಂದದ್ದಕ್ಕೆ ದಿನವೂ ಚೀಸ್ ಸ್ಯಾಂಡ್‌ವಿಚ್. ಅದೇ ವಾರ ಬೆಂಗಳೂರಿನಿಂದ ಹೊರಟ ನನ್ನ ಸಹೋದ್ಯೋಗಿ ಹೀಥ್ರೋದಲ್ಲಿ ಇಳಿದು ರೈಲು ಹತ್ತಿ ಗ್ಲಾಸ್ಗೋದ ತನ್ನ ಮನೆಗೇ ಹೋಗಿ, ಅನ್ನ ಸಾರು ಮಾಡಿಕೊಂಡು ಕ್ವಾರಂಟೈನ್ ಮುಗಿಸಿದ. ಹೊರಟ ಊರು ಒಂದೇ, ಸೇರುವ ಊರು ಒಂದೇ, ದುಡ್ಡು ಹೋದದ್ದು ನನ್ನದು ಮಾತ್ರ.

ಈ ಕಂಡಿ ಮುಚ್ಚಲು, ಸ್ಕಾಟ್ಲೆಂಡ್‌ಗೆ ಹೋಗುವವರನ್ನು ಹೀಥ್ರೋದಲ್ಲೇ ಹೋಟೆಲ್‌ಗೆ ಕಳಿಸಿ ಅಂತ ಇಲ್ಲಿನ ಸರ್ಕಾರ ಲಂಡನ್ನನ್ನು ಕೇಳಿತ್ತು. ಲಂಡನ್ ಒಪ್ಪಲಿಲ್ಲ. ಇಲ್ಲಿನ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಅವರ ಎಚ್ಚರಿಕೆ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಪಕ್ಕದವರು ಬಾಗಿಲು ತೆರೆದಿಟ್ಟಿರುವಾಗ ಇವರು ಕಿಟಕಿಗೆ ಬೀಗ ಹಾಕಿದರು. ನಿಯಮ ಪಾಲಿಸಿದವನಿಗೇ ದಂಡ ಬಿದ್ದ ಹಾಗಾಯಿತು.

ಬರುವ ದಾರಿಯ ಬಗ್ಗೆಯೂ ಒಂದು ಮಾತು. ನೇರ ವಿಮಾನ ಬಿಟ್ಟು ಬೇರೆ ದಾರಿ ಹಿಡಿಯುವವರು ನಡುವೆ ಇಳಿಯುವ ದೇಶದ ಬಣ್ಣ ನೋಡಿಕೊಳ್ಳಿ. ದುಬೈ, ದೋಹಾ ಎರಡೂ ಆಗಸ್ಟ್ 8ಕ್ಕೇ ಆಂಬರ್ ಆಗಿವೆ. ಇಸ್ತಾಂಬುಲ್ ಇನ್ನೂ ರೆಡ್. ಅಲ್ಲಿ ವಿಮಾನ ಬದಲಿಸಿದರೂ ಸಾಕು, ಹೋಟೆಲ್ ಗ್ಯಾರಂಟಿ. ಆಗಸ್ಟ್ 12ರಿಂದ ಅದರ ದರ 2,285 ಪೌಂಡ್.

ಬೆಲ್‌ಫಾಸ್ಟ್‌ನಿಂದ

ಚಿಕ್ಕದಾಗಿ ಹೇಳುತ್ತೇನೆ. ಡಬ್ಲಿನ್‌ನಲ್ಲಿ ಇಳಿದು ಬಸ್ಸಿನಲ್ಲಿ ಬೆಲ್‌ಫಾಸ್ಟ್‌ಗೆ ಬರುವುದು ಸುಲಭ ಅಂತ ಯಾರಾದರೂ ಹೇಳಿದರೆ ವಿದ್ಯಾರ್ಥಿಗಳು ನಂಬಬೇಡಿ. ಡಬ್ಲಿನ್ ಬೇರೆ ದೇಶ. ಅಲ್ಲಿಗೆ ಅವರದೇ ಫಾರ್ಮ್, ಅವರದೇ ಟೆಸ್ಟ್ ನಿಯಮ. ಬ್ರಿಟನ್‌ನ ಸ್ಟೂಡೆಂಟ್ ವೀಸಾ ಇದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಐರ್ಲೆಂಡ್ ವೀಸಾ ಬೇರೆ ಬೇಕು.

ಶಿವಮೊಗ್ಗದ ತಾಯಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಅರ್ಥ ಆಯಿತು. ತಮ್ಮನಿಗೆ ಸ್ವಲ್ಪ ಬೇಜಾರು, ಆದರೂ ನೇರ ಎಡಿನ್‌ಬರಾಗೇ ಕಳಿಸೋಣ ಅಂದುಕೊಂಡಿದ್ದೇವೆ. ಯೂನಿವರ್ಸಿಟಿಯವರು ಕ್ವಾರಂಟೈನ್‌ಗೆ ರೂಮು ಕೊಡುತ್ತಾರಂತೆ. ಲೊಕೇಟರ್ ಫಾರ್ಮ್ ಯಾವಾಗ ತುಂಬಬೇಕು? ಒಬ್ಬಳೇ ಹತ್ತು ದಿನ ಊಟಕ್ಕೆ ಏನು ಮಾಡುತ್ತಾಳೋ ಅಂತ ನನಗೆ ಯೋಚನೆ.

ಎಡಿನ್‌ಬರಾದ ವಿದ್ಯಾರ್ಥಿನಿ

ಆಂಟಿ, ನಾನು ಹೋದ ವಾರವೇ ಕ್ವಾರಂಟೈನ್ ಮುಗಿಸಿದೆ. ಲೊಕೇಟರ್ ಫಾರ್ಮ್ ಇಲ್ಲಿ ಇಳಿಯುವ ಹೊತ್ತಿಗೆ 48 ಗಂಟೆ ಮುಂಚೆಯಿಂದ ತುಂಬಬಹುದು, ಅದಕ್ಕಿಂತ ಮೊದಲು ಆಗುವುದಿಲ್ಲ. ಟೆಸ್ಟ್ ಬುಕಿಂಗ್‌ನ ರೆಫರೆನ್ಸ್ ನಂಬರ್ ಅದರಲ್ಲಿ ಹಾಕಬೇಕು, ಹಾಗಾಗಿ ಕಿಟ್ ಮೊದಲೇ ಬುಕ್ ಆಗಿರಬೇಕು. ವಿಳಾಸ ಎಡಿನ್‌ಬರಾ ರೂಮಿನದೇ ಕೊಡಿ, ಅಂಕಲ್ ಮನೆಯದು ಬೇಡ. ಬೆಂಗಳೂರಿನ ಚೆಕ್‌ಇನ್‌ನಲ್ಲೇ ಎಲ್ಲ ಕೇಳುತ್ತಾರೆ. ಪ್ರಿಂಟ್ ತಗೊಂಡಿರಿ. ನನ್ನ ಮುಂದಿದ್ದ ಹುಡುಗನ ಮೊಬೈಲ್ ಚಾರ್ಜ್ ಮುಗಿದು ಪಾಪ ಲೈನ್ ಬಿಟ್ಟು ಪ್ಲಗ್ ಹುಡುಕಿಕೊಂಡು ಹೋದ.

ದಿನ ಎಣಿಸುವುದು ಹೀಗೆ: ಇಳಿದ ದಿನ ಸೊನ್ನೆ. ಮಾರನೇ ದಿನ ಒಂದು. ಕಿಟ್ ಅಂಚೆಯಲ್ಲಿ ಬರುತ್ತದೆ. ಗಂಟಲು, ಮೂಗು ಎರಡರಿಂದಲೂ ನಾವೇ ಸ್ವ್ಯಾಬ್ ತೆಗೆದು, ಟ್ಯೂಬಿಗೆ ಹಾಕಿ, ಬಾರ್‌ಕೋಡ್ ರಿಜಿಸ್ಟರ್ ಮಾಡಿ ಕಳಿಸಬೇಕು. ಎಲ್ಲ ಅಂಚೆ ಡಬ್ಬಿ ಆಗುವುದಿಲ್ಲ. ಎನ್‌ಎಚ್‌ಎಸ್ ಸ್ಟಿಕ್ಕರ್ ಅಂಟಿಸಿರುವ 'ಪ್ರಯಾರಿಟಿ' ಡಬ್ಬಿಗೇ ಹಾಕಬೇಕು, ಅದೂ ಆ ದಿನದ ಕೊನೆಯ ಕಲೆಕ್ಷನ್‌ಗೆ ಒಂದು ಗಂಟೆ ಮುಂಚೆ. ಶನಿವಾರ ಭಾನುವಾರ ಬಂದರೆ ಡಬ್ಬಿಯ ಮೇಲಿನ ಟೈಮ್ ನೋಡಿಕೊಳ್ಳಬೇಕು. ನನ್ನದನ್ನು ಪಕ್ಕದ ರೂಮಿನವಳು ಹಾಕಿ ಬಂದಳು.

ಊಟದ ಚಿಂತೆ ಬೇಡ. ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ಕಟ್ಟಿಕೊಡಿ. ರೂಮಿನಲ್ಲಿ ಕೆಟಲ್ ಇದೆಯಾ ಅಂತ ಮೊದಲೇ ಇಮೇಲ್ ಮಾಡಿ ಕೇಳಲಿ. ಅಡುಗೆಮನೆ ಹಂಚಿಕೊಳ್ಳುವ ರೂಮಾದರೆ ಬಳಸಲು ಹೊತ್ತು ಗೊತ್ತುಮಾಡುತ್ತಾರೆ. ಸಾಮಾನು ಆನ್‌ಲೈನ್‌ನಲ್ಲಿ ತರಿಸಿದರೆ ಬಾಗಿಲಿಗೆ ಬರುತ್ತದೆ.

ಸ್ಲೌನಿಂದ, ಸೆಪ್ಟೆಂಬರ್ 25

ಇನ್ನು ಮುಂದೆ ಹೊರಡುವವರಿಗೆ: ಅಕ್ಟೋಬರ್ 4ರಿಂದ ಆಂಬರ್, ಗ್ರೀನ್ ಎಲ್ಲ ತೆಗೆದು ರೆಡ್ ಒಂದೇ ಉಳಿಸುತ್ತಾರೆ. ಒಪ್ಪಿತ ದೇಶದಲ್ಲಿ ಲಸಿಕೆ ಆದವರಿಗೆ ಹೊರಡುವ ಮುಂಚಿನ ಟೆಸ್ಟ್ ಬೇಡ. ಸ್ಕಾಟ್ಲೆಂಡ್ ಮೊದಲು 'ನಾವು ಆ ಟೆಸ್ಟ್ ಬಿಡುವುದಿಲ್ಲ' ಅಂದಿತ್ತು, ಒಂದು ವಾರದೊಳಗೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದೆ. ನಮಗೆ ಇದರಿಂದ ಲಾಭ ಇಲ್ಲ. ಸೆಪ್ಟೆಂಬರ್ 22ಕ್ಕೆ ಕೋವಿಶೀಲ್ಡ್ ಹೆಸರನ್ನು ಒಪ್ಪಿದ ಲಸಿಕೆಗಳ ಸಾಲಿಗೆ ಸೇರಿಸಿದರು, ಆದರೆ ಭಾರತದ ಸರ್ಟಿಫಿಕೇಟನ್ನು ಒಪ್ಪಿಲ್ಲ. ಇಲ್ಲಿ ಕೋಟಿಗಟ್ಟಲೆ ಜನರಿಗೆ ಚುಚ್ಚಿದ ಆಸ್ಟ್ರಾಜೆನೆಕಾ ಲಸಿಕೆಯನ್ನೇ ಪುಣೆಯಲ್ಲಿ ತಯಾರಿಸಿದರೆ ಅದು ಲೆಕ್ಕಕ್ಕಿಲ್ಲವಂತೆ.

ಕಾರ್ಡಿಫ್‌ನಿಂದ, ಅಕ್ಟೋಬರ್ 8

ಕೊನೆಗೂ ಒಪ್ಪಿದರು. ಅಕ್ಟೋಬರ್ 11, ಬೆಳಗಿನ 4 ಗಂಟೆಯಿಂದ ಎರಡು ಡೋಸ್ ಕೋವಿಶೀಲ್ಡ್ ಆದವರಿಗೆ ಕ್ವಾರಂಟೈನ್ ಇಲ್ಲ. 2ನೇ ದಿನದ ಟೆಸ್ಟ್ ಒಂದು ಸಾಕು. ಅಕ್ಟೋಬರ್ 4ರಿಂದ ಭಾರತ ಬ್ರಿಟಿಷ್ ಪಾಸ್‌ಪೋರ್ಟ್‌ನವರಿಗೆ 10 ದಿನ ಕ್ವಾರಂಟೈನ್ ಹಾಕಿ ತಿರುಗೇಟು ಕೊಟ್ಟಿತ್ತಲ್ಲ, ಅದರ ಮಹಿಮೆಯೂ ಇರಬಹುದು. ಆ ಹೊಡೆತಕ್ಕೆ ಸಿಕ್ಕಿದ್ದು ದಸರಾಕ್ಕೆ ಊರಿಗೆ ಹೊರಟಿದ್ದ ನಮ್ಮಂಥವರು. ಕೋವಿನ್ ಸರ್ಟಿಫಿಕೇಟ್‌ನಲ್ಲಿ ಪೂರ್ತಿ ಹುಟ್ಟಿದ ದಿನಾಂಕ ಇರಲಿ. ಹಳೆಯದರಲ್ಲಿ ವಯಸ್ಸೋ ವರ್ಷವೋ ಮಾತ್ರ ಇದ್ದರೆ ಪಾಸ್‌ಪೋರ್ಟ್ ಜೊತೆ ತಾಳೆಯಾಗುವ ಹೊಸದನ್ನು ಇಳಿಸಿಕೊಳ್ಳಿ. ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಇನ್ನೂ ಹಳೆಯ ನಿಯಮವೇ.

ಶಿವಮೊಗ್ಗದ ತಾಯಿ, ಅಕ್ಟೋಬರ್ 9

ಮಗಳ ಕ್ವಾರಂಟೈನ್ ಮುಗಿದು ಕ್ಲಾಸು ಶುರುವಾಗಿದೆ. ಇನ್ನೊಂದು ಪ್ರಶ್ನೆ. ಅಲ್ಲಿ ಕ್ಲಬ್ಬಿಗೆ, ದೊಡ್ಡ ಕಾರ್ಯಕ್ರಮಕ್ಕೆ ಹೋಗಲು ಏನೋ ಪಾಸ್ ಬೇಕಂತೆ, ಟೆಸ್ಟ್ ಮಾಡಿಸಿ ತೋರಿಸಿದರೆ ಬಿಡುತ್ತಾರಾ?

ಎಡಿನ್‌ಬರಾದ ಲೀತ್‌ನಿಂದ

ಅದೂ ಊರಿಗೊಂದು ಥರ ಮೇಡಂ. ಸ್ಕಾಟ್ಲೆಂಡ್‌ನಲ್ಲಿ ಅಕ್ಟೋಬರ್ 1ರಿಂದ ಲಸಿಕೆ ಪಾಸ್ ಬಂದಿದೆ, ಲಸಿಕೆ ದಾಖಲೆಯೇ ಬೇಕು, ನೆಗೆಟಿವ್ ಟೆಸ್ಟ್ ನಡೆಯುವುದಿಲ್ಲ. ವೇಲ್ಸ್‌ನಲ್ಲಿ 11ರಿಂದ ಪಾಸ್, ಅಲ್ಲಿ ನೆಗೆಟಿವ್ ಟೆಸ್ಟ್ ಕೂಡ ಆಗುತ್ತದೆ. ಇಂಗ್ಲೆಂಡ್‌ನಲ್ಲಿ ಸದ್ಯಕ್ಕೆ ಕಡ್ಡಾಯ ಇಲ್ಲ. ಇಲ್ಲಿನ ಆ್ಯಪ್ ಸೆಪ್ಟೆಂಬರ್ 30ಕ್ಕೆ ಬಿಟ್ಟರು, ಮೊದಲ ದಿನಗಳಲ್ಲಿ ಎಷ್ಟೋ ಜನರ ದಾಖಲೆ ಸಿಗದೆ ಗೋಳಾಡಿದರು. ಮಗಳಿಗೆ ಕೋವಿನ್ ಸರ್ಟಿಫಿಕೇಟ್‌ನ ಪ್ರಿಂಟ್ ಒಂದು ಪರ್ಸಿನಲ್ಲೇ ಇಟ್ಟುಕೊಳ್ಳಲು ಹೇಳಿ.

ರೆಡಿಂಗ್‌ನಿಂದ, ಅಕ್ಟೋಬರ್ ಕೊನೆ

ನಮ್ಮ ಅಪ್ಪ ಅಮ್ಮ ಮೊನ್ನೆ ಬಂದರು. ಇಂಗ್ಲೆಂಡ್‌ಗೆ ಬರುವ ಲಸಿಕೆ ಆದವರಿಗೆ 24ರಿಂದ 2ನೇ ದಿನದ ಪಿಸಿಆರ್ ಬದಲು ಲ್ಯಾಟರಲ್ ಫ್ಲೋ (ಮನೆಯಲ್ಲೇ ಬೇಗ ಫಲಿತಾಂಶ ತೋರಿಸುವ ಟೆಸ್ಟ್) ಸಾಕು. ವೇಲ್ಸ್‌ನಲ್ಲಿ ಇದು ಒಂದು ವಾರ ತಡ, 31ಕ್ಕೆ. ಮನೆಯಲ್ಲಿ ಬಿದ್ದಿರುವ ಎನ್‌ಎಚ್‌ಎಸ್ ಉಚಿತ ಕಿಟ್ ಇದಕ್ಕೆ ಬಳಸುವ ಹಾಗಿಲ್ಲ, ಪಟ್ಟಿಯಲ್ಲಿರುವ ಕಂಪನಿಯಿಂದಲೇ ಕೊಳ್ಳಬೇಕು. ಟೆಸ್ಟ್ ಆದ ಮೇಲೆ ಟೆಸ್ಟ್ ಸ್ಟ್ರಿಪ್ಪಿನ ಪಕ್ಕ ಬುಕಿಂಗ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಅವರಿಗೆ ಕಳಿಸಬೇಕು. ಗೆರೆ ಸ್ಪಷ್ಟವಾಗಿ ಕಾಣಬೇಕು, ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಹೊಳಪು ಬಿದ್ದು ಫೋಟೋ ತಿರಸ್ಕಾರ ಆಗುತ್ತದೆ. ಕಿಟಕಿ ಹತ್ತಿರ, ಹಗಲಲ್ಲಿ ತೆಗೆಯಿರಿ.