ಸಹಾಯ ಬೇಕು: ಸಾಫ್ಟ್‌ವೇರ್ ವೆಂಡರ್ ಬಿಲ್ ತಡೆಹಿಡಿಯಬಹುದಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಬಿಡಿಭಾಗ ಮಾಡುವ ಕಂಪನಿ. ಸ್ಟಾಕ್, ಲೆಕ್ಕಪತ್ರ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಹೊಸ ಸಾಫ್ಟ್‌ವೇರ್ (ಇಆರ್‌ಪಿ) ಹಾಕಿಸುತ್ತಿದ್ದೇವೆ, ಉಸ್ತುವಾರಿ ನನ್ನದು. ಸ್ಟಾಕ್ ತಾಳೆಯಾಗುತ್ತಿಲ್ಲ. ಜಾಬ್‌ವರ್ಕ್‌ಗೆ (ಹೊರಗಿನವರ ಹತ್ತಿರ ಕೆಲಸ ಮಾಡಿಸೋಕೆ) ಕಳಿಸಿದ ಮಾಲು ವಾಪಸ್ ಬಂದರೆ ಎರಡೆರಡು ಸಲ ಎಂಟ್ರಿ ಬೀಳುತ್ತೆ. ವೆಂಡರ್‌ನ ಕೇಳಿದರೆ, 'ಸ್ಕೋಪ್‌ನಲ್ಲಿಲ್ಲ, ಚೇಂಜ್ ರಿಕ್ವೆಸ್ಟ್ ಹಾಕಿ' ಅಂತಾರೆ, ಅಂದರೆ ಒಪ್ಪಿದ ಕೆಲಸದಲ್ಲಿ ಇದಿಲ್ಲ, ಬೇರೆ ದುಡ್ಡು ಕೊಡಿ ಅಂತ. ತಪ್ಪು ಲೆಕ್ಕ ಸರಿ ಮಾಡೋಕೂ ದುಡ್ಡಾ?

ಬಾಕಿ ಬಿಲ್ ತಡೆಯೋಣ ಅನ್ನುವುದು ಫೈನಾನ್ಸ್‌ನವರ ವಾದ. ಆದರೆ ವೆಂಡರ್ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಸಂಸ್ಥೆ, ಅಂಥವರ ಬಿಲ್ ತಡ ಮಾಡಿದರೆ ಕಾನೂನು ಅಡ್ಡ ಬರುತ್ತೆ. ತಕರಾರನ್ನು 15 ದಿನದೊಳಗೆ ಬರಹದಲ್ಲಿ ಕೊಡಬೇಕು, ಇಲ್ಲದಿದ್ದರೆ 45 ದಿನ ದಾಟಿದ ಮೇಲೆ ಚಕ್ರಬಡ್ಡಿ, ಅಲ್ವಾ? ನಮ್ಮ ತಕರಾರೆಲ್ಲ ವಾಟ್ಸಾಪ್‌ನಲ್ಲೇ ಇದೆ. ಅದು ಲೆಕ್ಕಕ್ಕೆ ಬರುತ್ತಾ?

ಇನ್ನೊಂದು ತಲೆನೋವು, ಡೇಟಾ ಪೂರ್ತಿ ಅವರ ಸರ್ವರ್‌ನಲ್ಲಿದೆ. ಇಂಥದ್ದನ್ನು ನಿಭಾಯಿಸಿದವರು ಯಾರಾದರೂ ಇದ್ದರೆ ಹೇಳಿ: ಮೊದಲು ಸದ್ದಿಲ್ಲದೆ ಬ್ಯಾಕಪ್ ತೆಗೆದುಕೊಂಡು ಆಮೇಲೆ ನೋಟಿಸ್ ಕೊಡೋದಾ?